ಇಪ್ಪತ್ತು ಸಾವಿರ ಲೀಟರಿನಿಂದ ಒಂದು ಬೋಗುಣಿಗೆ

ಮದುವೆಮನೆಯಲ್ಲಿ ಅಡುಗೆ ಮಾಡುವ ಆಚಾರಿಗಳನ್ನು ಕಂಡರೆ ನನಗೆ ಬಹಳ ಗೌರವ. ಐನೂರು ಜನರ ಸಾರಿಗೆ ಅವರು ಉಪ್ಪನ್ನು ಅಳೆಯುವುದಿಲ್ಲ. ಮುಷ್ಟಿ ತುಂಬ ಹಿಡಿದು, ಯಾರೊಂದಿಗೋ ಮಾತಾಡುತ್ತ, ಕೊಪ್ಪರಿಗೆಗೆ ಎಸೆಯುತ್ತಾರೆ. ಅದು ಸರಿಯಾಗಿಯೇ ಬೀಳುತ್ತದೆ. ಅಂಥ ಒಬ್ಬ ಆಚಾರಿಯ ಮನೆಗೆ ಮುಗಳಖೋಡದಲ್ಲಿ ಒಮ್ಮೆ ಊಟಕ್ಕೆ ಹೋಗಿದ್ದೆವು. ಹೆಂಡತಿ ತವರಿಗೆ ಹೋಗಿದ್ದರಿಂದ ಅವರೇ ಅಡುಗೆಗೆ ನಿಂತಿದ್ದರು. ನಾಲ್ಕು ಜನರ ಸಾರು ಬಾಯಿಗೆ ಇಡುವಂತಿರಲಿಲ್ಲ. "ಇಷ್ಟು ಕಡಿಮಿ ಎಂದೂ ಮಾಡಿಲ್ರಿ" ಎಂದು ಅವರು ನೆಲ ನೋಡಿದರು.

ಸಣ್ಣದನ್ನು ದೊಡ್ಡದು ಮಾಡುವ ಕಷ್ಟವನ್ನು ಎಲ್ಲರೂ ಹೇಳಿಕೊಳ್ಳುತ್ತಾರೆ. ದೊಡ್ಡದನ್ನು ಸಣ್ಣದು ಮಾಡುವ ಕಷ್ಟ ನನಗೆ ತಿಳಿದದ್ದು ನನ್ನ ಮಾವನವರಿಂದ, ಅದೂ ಬಿಯರಿನ ವಿಷಯದಲ್ಲಿ. ಇಷ್ಟು ವರ್ಷ ಇದನ್ನು ನಾನು ಯಾರಿಗೂ ಹೇಳಿಲ್ಲ. ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು ಮನೆಯಲ್ಲಿ ಬಿಯರು ಮಾಡಹೊರಟಿದ್ದಳು ಎಂದರೆ ಕೇಳುವವರು ನಕ್ಕಾರು. ನಗದಿದ್ದವರು ಅಬಕಾರಿಯವರಾಗಿರುತ್ತಾರೆ.

ನಮ್ಮದು ರಾಯಬಾಗ ತಾಲೂಕಿನ ಅಲಖನೂರ. ಸುತ್ತ ಕಬ್ಬು, ನಡುವೆ ಊರು. ಗಂಡ ಚಿಕ್ಕೋಡಿಯ ಬಸ್ ಡಿಪೋದಲ್ಲಿ ಕೆಲಸಕ್ಕಿದ್ದರು. ಮಾವ ಬಾಳಪ್ಪನವರು ಮಹಾರಾಷ್ಟ್ರದ ಒಂದು ಬಿಯರ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತರಾಗಿ ಊರಿಗೆ ಬಂದಿದ್ದರು. ಆ ಮೂವತ್ತು ವರ್ಷ ಅವರು ಮನೆಗೆ ಬರುತ್ತಿದ್ದುದು ಹದಿನೈದು ದಿನಕ್ಕೊಮ್ಮೆ. ಅತ್ತೆ ಹೌಸಾಬಾಯಿಯವರು ನಮ್ಮ ಓಣಿಯ ಬುದ್ಧವಿಹಾರಕ್ಕೆ ಪ್ರತಿ ಭಾನುವಾರ ಬಿಳಿ ಸೀರೆಯುಟ್ಟು ಹೋಗುವವರು. ಅಲ್ಲಿ ಹೇಳುವ ಐದು ಶೀಲಗಳಲ್ಲಿ ಐದನೆಯದು ಅಮಲಿನ ಪದಾರ್ಥ ಮುಟ್ಟುವುದಿಲ್ಲ ಎನ್ನುವುದು. ಹೀಗೆ ಗಂಡ ಹೆಂಡಿರ ನಡುವೆ ಒಂದು ಕಾರ್ಖಾನೆ ನಿಂತಿತ್ತು. ಅದರ ಬಗ್ಗೆ ಜಗಳವಿರಲಿಲ್ಲ, ಮಾತೇ ಇರಲಿಲ್ಲ. ಮಾವ ರಜೆಗೆ ಬಂದಾಗ ತರುತ್ತಿದ್ದ ಬಟ್ಟೆಗಳನ್ನು ಅತ್ತೆ ಬೇರೆ ಬಕೆಟ್ಟಿನಲ್ಲಿ ನೆನೆಸಿ, ಹಿತ್ತಲ ಹಗ್ಗಕ್ಕೆ ಹಾಕುತ್ತಿದ್ದರಂತೆ. ಉಳಿದವರ ಬಟ್ಟೆ ಅಂಗಳದ ಹಗ್ಗಕ್ಕೆ.

ಒಂದು ಭಾನುವಾರ ಅತ್ತೆ ವಿಹಾರಕ್ಕೆ ಹೋದ ಹೊತ್ತು. ಮಾವ ಟ್ರಂಕಿನಿಂದ ಹಸಿರು ರಟ್ಟಿನ ಡೈರಿಯೊಂದನ್ನು ತಂದು ನನ್ನ ಮುಂದಿಟ್ಟರು. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಒಂದು ಪುಟ ತುಂಬ ಅಳತೆಗಳಿದ್ದವು. ಮಾಲ್ಟು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ, ಮೂರು ಟನ್. ಅಕ್ಕಿ ಐನೂರು ಕಿಲೋ. ಕಹಿಗೆ ಹಾಕುವ ಹಾಪ್ಸ್ ಎಂಬ ಹೂವು ಹನ್ನೆರಡು ಕಿಲೋ. ಕೊನೆಗೆ ಸಿಗಬೇಕಾದದ್ದು ಇಪ್ಪತ್ತು ಸಾವಿರ ಲೀಟರ್.

"ಸುಜಾತಾ, ಇದನ್ನ ನಮ್ಮ ಮನಿ ಬೋಗುಣಿಗೆ ಹೊಂದಸಾಕ ಬರ್ತೈತೇನು ನೋಡವಾ."

"ಕುಡಿಯಾಕೇನ್ರಿ ಮಾಮಾರ?" ಎಂದು ಕೇಳಿ, ಸೊಸೆಯಾದವಳು ಕೇಳಬಾರದ್ದನ್ನು ಕೇಳಿದೆನೆಂದು ನಾಲಿಗೆ ಕಚ್ಚಿಕೊಂಡೆ.

ಅವರು ಬೇಸರಪಟ್ಟುಕೊಳ್ಳಲಿಲ್ಲ. "ವಾಸನಿ ಬೇಕಾಗೇತಿ. ಮೂವತ್ತು ವರ್ಷ ಆ ವಾಸನಿಯೊಳಗ ಎದ್ದೀನಿ. ಈಗ ಮುಂಜಾನೆ ಕಣ್ಣು ತೆರದ್ರ, ಇನ್ನೂ ಎದ್ದಿಲ್ಲೇನೋ ಅನಸ್ತೈತಿ."

ಬೇರೆ ಯಾರಾದರೂ ಇದನ್ನು ಹೇಳಿದ್ದರೆ ನಾನು ಕಾಯ್ದೆ ಮಾತಾಡುತ್ತಿದ್ದೆ. ಆದರೆ ಆ ವಾಕ್ಯ ನನ್ನನ್ನು ತಟ್ಟಿತು. ಹಂಗಾಮು ಮುಗಿದು ನಮ್ಮ ಕಾರ್ಖಾನೆ ನಿಂತ ದಿನಗಳಲ್ಲಿ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯ ವಾಸನೆಯಿಲ್ಲದ ಬೆಳಿಗ್ಗೆಗಳಲ್ಲಿ, ನಾನೂ ಅರ್ಧ ನಿದ್ದೆಯಲ್ಲೇ ಓಡಾಡುತ್ತಿರುತ್ತೇನೆ. ವಾಸನೆಗೂ ಎಚ್ಚರಕ್ಕೂ ಏನೋ ನಂಟಿರಬೇಕು. ಪೆನ್ನು ತೆಗೆದುಕೊಂಡೆ.

ಲೆಕ್ಕ ನಾಚಿಕೆಯಾಗುವಷ್ಟು ಸುಲಭವಾಗಿತ್ತು. ನಮ್ಮ ದೊಡ್ಡ ಬೋಗುಣಿಯಲ್ಲಿ ಹತ್ತು ಲೀಟರ್ ಧಾರಾಳವಾಗಿ ಕುದಿಯುತ್ತದೆ. ಎಲ್ಲವನ್ನೂ ಎರಡು ಸಾವಿರದಿಂದ ಭಾಗಿಸಿದರಾಯಿತು: ಮಾಲ್ಟು ಒಂದೂವರೆ ಕಿಲೋ, ಅಕ್ಕಿ ಕಾಲು ಕಿಲೋ, ಹಾಪ್ಸ್ ಆರು ಗ್ರಾಂ. ಐದು ನಿಮಿಷದಲ್ಲಿ ಮುಗಿಸಿ, ಬೀಗುತ್ತ ಕಾಗದವನ್ನು ಮಾವನ ಕೈಗೆ ಕೊಟ್ಟೆ. ಅದೇ ಹೊತ್ತಿಗೆ ನನ್ನ ಗಂಡ ಬಗ್ಗಿ ನೋಡಿ, "ಕುದಿಸೂದು ಒಂದು ತಾಸು ಅಂತ ಐತಿ. ಅದನ್ನೂ ಎರಡು ಸಾವಿರಲೆ ಭಾಗಿಸಿದ್ರ ಎರಡು ಸೆಕೆಂಡೂ ಆಗೂದಿಲ್ಲ. ಗ್ಯಾಸ್ ಹಚ್ಚೂದ್ರಾಗ ಮುಗೀತು" ಎಂದು ನಕ್ಕು ಡ್ಯೂಟಿಗೆ ಹೋದರು.

ಮಾವ ನಗಲಿಲ್ಲ. "ಅಂವ ಚಾಷ್ಟಿ ಮಾಡಿದ್ರೂ ಖರೇ ಅದ ಐತಿ ನೋಡ" ಎಂದರು. ಇಪ್ಪತ್ತು ಸಾವಿರ ಲೀಟರಿಗೂ ಒಂದು ತಾಸು ಕುದಿ, ಹತ್ತು ಲೀಟರಿಗೂ ಒಂದು ತಾಸೇ. ಹೊತ್ತು ಭಾಗಾಕಾರಕ್ಕೆ ಬಗ್ಗುವುದಿಲ್ಲ. ಕಾವೂ ಅಷ್ಟೆ, ಅರವತ್ತೈದು ಡಿಗ್ರಿ ಎಂದರೆ ಹಂಡೆಗೂ ಅರವತ್ತೈದು, ಬಟ್ಟಲಿಗೂ ಅರವತ್ತೈದು. ಆಮೇಲೆ ಅವರು ನನ್ನ ಅಂಕಿಗಳನ್ನು ಒಂದೊಂದಾಗಿ ಕೆಡವುತ್ತ ಬಂದರು. ಕಾರ್ಖಾನೆಯ ದೊಡ್ಡ ಹಂಡೆಯಲ್ಲಿ ಒಂದು ತಾಸಿಗೆ ನೂರಕ್ಕೆ ಏಳೋ ಎಂಟೋ ಪಾಲು ನೀರು ಹಾರುತ್ತದೆ. ನಮ್ಮ ಬೋಗುಣಿಯಲ್ಲಿ ಕಾಲು ಪಾಲು ಹಾರುತ್ತದೆ, ಆದ್ದರಿಂದ ನೀರು ಹೆಚ್ಚಿಡಬೇಕು. ಅಲ್ಲಿ ಕಾಳಿನ ಕೊನೆಯ ಸಿಹಿಯನ್ನೂ ಹಿಂಡಿ ತೆಗೆಯುವ ಯಂತ್ರವಿದೆ. ಇಲ್ಲಿ ಪಂಚೆಯಲ್ಲಿ ಸೋಸುವುದು, ಆದ್ದರಿಂದ ಮಾಲ್ಟು ಎರಡು ಕಿಲೋ ಬೇಕು. ಅಲ್ಲಿ ಕಾವು ತಾಸುಗಟ್ಟಲೆ ಅಲುಗುವುದಿಲ್ಲ. ಇಲ್ಲಿ ಹತ್ತು ನಿಮಿಷಕ್ಕೆ ಇಳಿಯುತ್ತದೆ.

ಇದೆಲ್ಲ ನಾನು ಕಾಲೇಜಿನಲ್ಲಿ ಓದಿದ್ದೇ. ಸಣ್ಣ ವಸ್ತುವಿಗೆ ಒಡಲಿನ ಅಳತೆಗೆ ಮೈ ಹೆಚ್ಚು. ಅದಕ್ಕೇ ಅದು ಬೇಗ ಆರುತ್ತದೆ. ಕೊಡದ ನೀರಿಗಿಂತ ಬಟ್ಟಲಿನ ಚಹಾ, ಎಮ್ಮೆಗಿಂತ ಗುಬ್ಬಿ. ಗುಬ್ಬಿ ದಿನವಿಡೀ ಕಾಳು ಹೆಕ್ಕುವುದು ಹೊಟ್ಟೆಬಾಕತನದಿಂದಲ್ಲ, ಮೈ ಬೆಚ್ಚಗಿಟ್ಟುಕೊಳ್ಳಲು. ಓದಿ ಅಂಕ ತೆಗೆದುಕೊಂಡವಳು ನಾನು; ಮೂವತ್ತು ವರ್ಷ ಹಬೆಯ ಪಕ್ಕ ನಿಂತು ಅದನ್ನು ಕೈಯಾರೆ ಕಂಡವರು ಅವರು. ಆ ಬೆಳಗು ನಾನು ಮಾವನ ಮುಂದೆ ಎರಡನೆಯ ಸಲ ಬಿ.ಎಸ್ಸಿ. ಪಾಸಾದೆ.

ಇನ್ನು ಸಾಮಾನು. ಹಾಪ್ಸಿನ ಒಂದು ಹಳೆಯ ಸ್ಯಾಂಪಲ್ ಪೊಟ್ಟಣವನ್ನು ಅವರ ಜೊತೆಗಾರರು ಬೀಳ್ಕೊಡುವ ದಿನ ನೆನಪಿಗೆಂದು ಕೊಟ್ಟಿದ್ದರು. ಮಾಲ್ಟನ್ನು ಮಾತ್ರ ಮನೆಯಲ್ಲೇ ಮಾಡಬೇಕು. ನಾನು ರಾಯಬಾಗದ ಕಿರಾಣಿ ಅಂಗಡಿಯಿಂದ ಮೂರು ಕಿಲೋ ಜವೆಗೋಧಿ ತಂದೆ. ಚೀಲ ಕಂಡ ಅತ್ತೆ ಏನಿದು ಎಂದು ಕೇಳಿದರು. "ಅಂಬಲಿ ಮಾಡಾಕ್ರಿ ಅತ್ಯಾರ. ಮೊಳಕಿ ಬರಿಸಿ ಮಾಡಿದ್ರ ಮೈಗೆ ಚಲೋ ಅಂತ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಗಾಬರಿಯಾಯಿತು.

"ಹಂಗಾದ್ರ ನೀ ಬಿಡು, ನಾ ಕಟ್ತೀನಿ" ಎಂದರು ಅತ್ತೆ.

ಮಡಿಕೆ ಕಾಳಿಗೆ ಮೊಳಕೆ ಬರಿಸುವುದರಲ್ಲಿ ಅವರದು ಎತ್ತಿದ ಕೈ. ನೆನೆಸಿ, ಬಸಿದು, ಒದ್ದೆ ಗೋಣಿಚೀಲದ ಮೇಲೆ ಹರವಿ, ಮೇಲೊಂದು ಚೀಲ ಹೊಚ್ಚಿದರು. ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಿ ಬೆರಳುಗಳಿಂದ ತಿರುವಿದರು. ಮಾವ ಕಟ್ಟೆಯ ಮೇಲೆ ಕೂತು ಚಡಪಡಿಸುತ್ತಿದ್ದರು. ಒಂದು ಸಲ ತಡೆಯಲಾರದೆ, "ನಡುವಿನವು ಬಿಸಿ ಆಗತಾವು, ಸ್ವಲ್ಪ ತೆಳ್ಳಗ ಹರವು" ಎಂದುಬಿಟ್ಟರು. "ಮೊಳಕಿ ಬರಸೂದು ನನಗ ಹೇಳಿಕೊಡಬ್ಯಾಡ್ರಿ" ಎಂದರು ಅತ್ತೆ, ತಲೆಯೆತ್ತದೆ. ಐದನೆಯ ದಿನ ಕಾಳುಗಳೆಲ್ಲ ಒಂದೇ ಅಳತೆಯ ಬಿಳಿ ಬೇರು ಬಿಟ್ಟುಕೊಂಡು ನಿಂತಿದ್ದವು. ಮಾವ ನನ್ನನ್ನು ಪಕ್ಕಕ್ಕೆ ಕರೆದು, "ನಮ್ಮ ಕಂಪನಿಗೆ ಬರೂ ಮಾಲೂ ಇಷ್ಟು ಸಮ ಇರ್ತಿರ್ಲಿಲ್ಲ" ಎಂದು ಪಿಸುಗುಟ್ಟಿದರು. ಅದನ್ನು ಹೆಂಡತಿಗೇ ಹೇಳಬೇಕೆಂದು ಅವರಿಗಿತ್ತು. ಹೇಳುವ ಹಾಗಿರಲಿಲ್ಲ. ಆ ಹೊಗಳಿಕೆಯನ್ನು ಅವರು ನುಂಗಿಕೊಂಡದ್ದನ್ನು ನೋಡಿದ ಮೇಲೆ ನನ್ನ ಸುಳ್ಳು ಮೊದಲಿನಷ್ಟು ಹಗುರವಾಗಿ ಉಳಿಯಲಿಲ್ಲ.

ಕಾಳು ಮಾಳಿಗೆಯ ಬಿಸಿಲಲ್ಲಿ ಒಣಗಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬೆಚ್ಚಗಾಗಿ, ಗಿರಣಿಯಲ್ಲಿ ರವೆಯಂತೆ ಒಡೆಸಿಕೊಂಡು ಬಂತು. ಇನ್ನುಳಿದದ್ದು ಸಿಹಿಯನ್ನು ಅಮಲಾಗಿಸುವ ಯೀಸ್ಟು. ಅದನ್ನು ತಂದವಳು ನಾನೇ, ಚಿಕ್ಕೋಡಿಯ ಬೇಕರಿ ಸಾಮಾನಿನ ಅಂಗಡಿಯಿಂದ. ಮಾವ ಕೇಳಿರಲಿಲ್ಲ. ಪ್ರಯೋಗ ಅಂದ ಮೇಲೆ ಪೂರ್ತಿ ಆಗಬೇಕೆಂಬ ಲ್ಯಾಬಿನವರ ಚಟ ನನ್ನದು. ನಮ್ಮ ಕಾರ್ಖಾನೆಯಲ್ಲಿ ಸಾರಾಯಿಗೂ ಹೋಗುವ ಕಾಕಂಬಿಯ ಟ್ಯಾಂಕಿಗೆ ಅಬಕಾರಿಯವರು ಮೊಹರು ಹಾಕುವುದನ್ನು ವರ್ಷಗಟ್ಟಲೆ ನೋಡಿದವಳಿಗೆ, ಪರವಾನಗಿ ಇಲ್ಲದೆ ಒಂದು ಬಾಟಲಿಯಷ್ಟು ಮಾಡಿದರೂ ಅದು ಅಪರಾಧವೇ ಎಂದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಪೊಟ್ಟಣವನ್ನು ಚಹಾಪುಡಿಯ ಡಬ್ಬಿಯ ಹಿಂದಿಟ್ಟೆ. ಹಾಕುವುದೋ ಬಿಡುವುದೋ ಆಮೇಲೆ ನೋಡೋಣ ಎಂದುಕೊಂಡೆ. ಮನುಷ್ಯರು ತಪ್ಪು ಮಾಡುವುದು ಹೆಚ್ಚಾಗಿ ಈ ಆಮೇಲೆಯಲ್ಲಿ.

ಅತ್ತೆಯ ತಂಗಿಯ ಮನೆ ಬೇಡಕಿಹಾಳದಲ್ಲಿ. ಅಲ್ಲಿ ತೊಟ್ಟಿಲ ಕಾರ್ಯವಿತ್ತು. ಒಂದು ರಜೆಯ ದಿನ ಬೆಳಿಗ್ಗೆ ಅವರು ಬಸ್ಸು ಹತ್ತಿದರು. ಮರುದಿನ ಬರುವುದಾಗಿ ಹೇಳಿದ್ದರು. ಬಸ್ಸು ತಿರುವು ದಾಟುವ ಮೊದಲೇ ಮಾವ ಗ್ಯಾಸು ಹಚ್ಚಿದ್ದರು.

ಒಡೆದ ಮಾಲ್ಟನ್ನೂ ಮೆತ್ತಗೆ ಬೇಯಿಸಿದ ಅಕ್ಕಿಯನ್ನೂ ಬಿಸಿ ನೀರಿಗೆ ಸೇರಿಸಿ, ನನ್ನ ಹಳೆಯ ಥರ್ಮಾಮೀಟರ್ ಇಳಿಬಿಟ್ಟೆವು. ಅರವತ್ತೈದು. ಈಗ ಒಂದು ತಾಸು ಹಾಗೇ ಇರಬೇಕು. ಸಣ್ಣ ಬೋಗುಣಿಗೆ ಆ ಕಾವು ಉಳಿಸುವುದು ಹೇಗೆ? ಮಾವ ಒಳಗೆ ಹೋಗಿ ಅತ್ತೆ ಹೊಲಿದ ಕೌದಿಯನ್ನು ತಂದು ಬೋಗುಣಿಗೆ ಸುತ್ತಿದರು. ಎಷ್ಟೋ ಹಳೆಯ ಸೀರೆಗಳ ಕೌದಿ. ಕೂಸಿಗೆ ಹೊಚ್ಚಿದಂತೆ ಹೊಚ್ಚಿದರು. ತಾಸಾದ ಮೇಲೆ ನೋಡಿದರೆ ಎರಡೇ ಡಿಗ್ರಿ ಇಳಿದಿತ್ತು. ಅಂಟಂಟಾದ ಸಿಹಿ ನೀರನ್ನು ಪಂಚೆಯಲ್ಲಿ ಸೋಸಿ ಮತ್ತೆ ಒಲೆಗೇರಿಸಿದೆವು. ಕುದಿ ಬಂದಾಗ ಮಾವ ಹಾಪ್ಸನ್ನು ಅಂಗೈಯಲ್ಲಿ ತಿಕ್ಕಿ ಮೂಸಿ ಹಾಕಿದರು.

ಆಗ ಎದ್ದಿತು ಅದು. ಸುಟ್ಟ ರೊಟ್ಟಿ, ಮಳೆ ಬಿದ್ದ ಕಬ್ಬಿನ ಒಣಗರಿ, ನಿಂಬೆಯ ಸಿಪ್ಪೆ, ಹಸಿ ಬೇವು, ಇವೆಲ್ಲ ಒಂದರೊಳಗೊಂದು ಕರಗಿದಂಥ ವಾಸನೆ. ಅಡುಗೆಮನೆ ತುಂಬಿ, ಪಡಸಾಲೆಗೆ ಇಳಿದು, ಕಿಟಕಿಯಿಂದ ಓಣಿಗೆ ಹೋಯಿತು. ಮಾವ ಒಲೆಯ ಪಕ್ಕ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದ್ದರು. ಹಬೆಯಲ್ಲಿ ಅವರ ಮುಖ ಇದ್ದೂ ಇಲ್ಲದ ಹಾಗಿತ್ತು. ಬಲಗೈ ಮಾತ್ರ ತೊಡೆಯ ಮೇಲೆ ಮೆಲ್ಲಗೆ ತಿರುಗುತ್ತಿತ್ತು. ಯಾವುದೋ ಚಕ್ರ, ಯಾವುದೋ ವಾಲ್ವು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ಹಬೆಯನ್ನು ಬಂಗಾರವಾಗಿಸಿ, ಗೋಡೆ ಹತ್ತಿ, ನಿಧಾನ ಇಳಿಯಿತು. ಒಂದು ತಾಸು ಎಷ್ಟು ದೊಡ್ಡದೆಂದು ಅವತ್ತು ಗೊತ್ತಾಯಿತು. ಬೋಗುಣಿ ಕೆಳಗಿಳಿಸಿ, ನೀರು ತುಂಬಿದ ಬಾನಿಯಲ್ಲಿಟ್ಟು ಆರಿಸಿದೆವು. ನಾನು ಚಹಾಪುಡಿಯ ಡಬ್ಬಿಯ ಕಡೆ ನೋಡಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ ನಿಂತಿದ್ದರು.

ಊರಿಗೆ ಹೊರಟಿದ್ದ ಯಾರದೋ ಗಾಡಿ ಸಿಕ್ಕಿತೆಂದು ಅದೇ ದಿನ ಬಂದುಬಿಟ್ಟಿದ್ದರು. ಕೈಯಲ್ಲಿ ತೊಟ್ಟಿಲ ಕಾರ್ಯದ ಗುಗ್ಗರಿಯ ಪೊಟ್ಟಣ. "ಈ ವಾಸನಿ ಇಷ್ಟು ದಿನ ನಿಮ್ಮ ಅಂಗ್ಯಾಗ ಬರ್ತಿತ್ತು" ಎಂದರು ಮಾವನಿಗೆ. "ಇವತ್ತ ಓಣಿ ತುದಿಯಿಂದನ ಬರಾಕತ್ತೈತಿ." ಆಮೇಲೆ ಬೋಗುಣಿಯನ್ನೂ, ಪಂಚೆಯಲ್ಲಿ ಉಳಿದ ಚರಟವನ್ನೂ, ಒದ್ದೆಯಾದ ತಮ್ಮ ಕೌದಿಯನ್ನೂ ನೋಡಿ ನನ್ನತ್ತ ತಿರುಗಿದರು. "ನಾ ಬರಿಸಿದ ಮೊಳಕಿ ಏನವಾ ಇದು?"

"ಹೌದ್ರಿ."

ಅವರು ಹೊಸ್ತಿಲ ಮೇಲೆ ಕೂತರು. ಸಿಟ್ಟಾಗಿದ್ದರೆ ಸುಲಭವಿತ್ತು. ಮೆಲ್ಲಗೆ ಹೇಳಿದರು: "ವಿಹಾರದಾಗ ನಾಕು ಶೀಲ ಹೇಳೂಮಟ ನನ್ನ ದನಿ ಎಲ್ಲಾರಕಿಂತ ಮ್ಯಾಗ ಇರ್ತೈತಿ. ಐದನೇದಕ್ಕ ಬಂದ್ರ ದನಿನ ಏಳಂಗಿಲ್ಲ. ಈ ಮನಿ ಗ್ವಾಡಿ ಯಾವುದರ ಮ್ಯಾಲ ನಿಂತೈತಿ ಅನ್ನೂದು ನನಗ ಗೊತ್ತೈತಿ. ಹೊರಗಿಂದು ಹೊರಗ ಇರ್ಲಿ ಅಂತ ಸುಮ್ಮನಿದ್ದೆ. ಈಗ ಅದನ್ನ ನನ್ನ ಕೈಲೆನ ಮಾಡಿಸಿದ್ರಿ."

"ಇದು ಇನ್ನೂ ಸೆರಿ ಆಗಿಲ್ಲ ಹೌಸಾ" ಎಂದರು ಮಾವ. "ಇದರಾಗ ಅಮಲಿಲ್ಲ."

ಅತ್ತೆ ಅವರನ್ನು ಬಿಟ್ಟು ನನ್ನನ್ನು ಕೇಳಿದರು. "ನೀ ಕಲ್ತಾಕಿ. ಖರೇ ಏನು?"

"ಖರೇ ಐತ್ರಿ. ಯೀಸ್ಟ್ ಅಂತ ಒಂದು ಪುಡಿ ಹಾಕಿ ದಿನಗಟ್ಟಲೆ ಇಟ್ರ ಅಮಲು ಬರ್ತೈತಿ. ಇನ್ನೂ ಹಾಕಿಲ್ರಿ."

"ನನಗ ಅಂಬಲಿ ಅಂತನೂ ಹೇಳಿದ್ದಿ."

ಲ್ಯಾಬಿನಲ್ಲಿ ನನ್ನ ಸಹಿ ಬಿದ್ದರೆ ಗಾಡಿಗಟ್ಟಲೆ ಸಕ್ಕರೆ ಹೊರಗೆ ಹೋಗುತ್ತದೆ. ಇಲ್ಲಿ ನನ್ನ ಮಾತಿಗೆ ಚಿಟಿಕೆ ತೂಕವಿರಲಿಲ್ಲ. "ಅದು ಸುಳ್ಳ್ರಿ ಅತ್ಯಾರ. ತಪ್ಪಾತು. ಇದು ಖರೇ" ಎಂದೆ. ಡಬ್ಬಿಯ ಹಿಂದಿನಿಂದ ಒಡೆಯದ ಪೊಟ್ಟಣವನ್ನು ತಂದು ಅವರ ಮುಂದಿಟ್ಟೆ. ಅವರು ಅದನ್ನು ತಿರುವಿ ನೋಡಿ ಪಕ್ಕಕ್ಕಿಟ್ಟರು.

ಆಗ ಮಾವ ಹೇಳಿದ್ದು ನನಗೂ ಹೊಸದಾಗಿತ್ತು. "ನನ್ನ ಕೆಲಸ ಇಲ್ಲಿಗೆ ಮುಗೀತಿತ್ತು. ಕುದಿಸೂದು, ಸೋಸೂದು, ರುಚಿ ನೋಡಿ ಪೈಪಿಗೆ ಬಿಡೂದು. ಯೀಸ್ಟ್ ಹಾಕಾವ್ರು ಬ್ಯಾರೆ, ಅವರ ಬಿಲ್ಡಿಂಗೂ ಬ್ಯಾರೆ. ಮೂವತ್ತು ವರ್ಷ ನಾ ಮಾಡಿದ್ದು ಈ ಕಷಾಯ."

"ಹೊಲಕ್ಕ ನೀರು ಬಿಟ್ಟಾಂವ ಬೆಳಿ ನಂದಲ್ಲ ಅಂದಂಗಾತು" ಎಂದರು ಅತ್ತೆ.

ಮಾವ ತಲೆಯಾಡಿಸಿದರು. "ಹೌದು. ಪೈಪು ಎಲ್ಲಿಗೆ ಹೋಗ್ತೈತಿ ಅನ್ನೂದು ನನಗೂ ಗೊತ್ತಿತ್ತು. ಬಿಟ್ಟು ಬರೂಣು ಅಂದ್ರ ಬ್ಯಾರೆ ಕೆಲಸ ಬರ್ತಿರ್ಲಿಲ್ಲ. ಇದು ಮಾತ್ರ ಚಲೋ ಬರ್ತಿತ್ತು."

ಐದನೆಯ ಶೀಲದ ಪಾಳಿ ಭಾಷೆಯ ಪಾಠದಲ್ಲಿ ಅಮಲಿಗೆ ಎರಡು ಬೇರೆ ಹೆಸರುಗಳಿವೆ, ಸುರಾ ಮತ್ತು ಮೇರಯ. ಕಾಳುಕಡಿಯಿಂದ ಮಾಡಿದ್ದು ಸುರೆ, ಹಣ್ಣು ಹೂ ಬೆಲ್ಲಗಳಿಂದ ಮಾಡಿದ್ದು ಮೇರಯ ಎಂದು ತಿಳಿದವರು ವಿವರಿಸುತ್ತಾರೆ. ಹಾಗಾದರೆ ಮಾವನ ಕಾರ್ಖಾನೆ ಮೊದಲ ಪದ, ನನ್ನ ಕಾಕಂಬಿಯ ಟ್ಯಾಂಕು ಎರಡನೆಯದು. ಒಂದೇ ಮನೆಯಲ್ಲಿ ಶೀಲದ ಎರಡೂ ಪದಗಳು ಊಟಕ್ಕೆ ಕೂರುತ್ತಿದ್ದವು. ಆದರೆ ಯೀಸ್ಟು ಬೀಳುವುದಕ್ಕೆ ಮುಂಚಿನ ಈ ಸಿಹಿ ನೀರಿಗೆ ಹೆಸರು ಯಾವ ಪದದಲ್ಲೂ ಇಲ್ಲ. ನಾನು ಇದನ್ನು ಯೋಚಿಸುತ್ತ ನಿಂತಿದ್ದಾಗ, ಅತ್ತೆ ಎದ್ದು ಒಂದು ಬಟ್ಟಲು ತಂದು ನನ್ನ ಮುಂದೆ ಹಿಡಿದರು.

"ಹಾಕು."

ಒಂದು ಗುಟುಕು ಕುಡಿದು, ಬಾಯಲ್ಲೇ ಇಟ್ಟುಕೊಂಡು, ನುಂಗಿದರು. ಮಾವ ಸ್ಟೂಲಿನ ಮೇಲಿಂದ ಅರ್ಧ ಎದ್ದಿದ್ದರು. ಅವರ ಮೇಲಿನ ಸಾಹೇಬರುಗಳು ರುಚಿ ನೋಡುವಾಗಲೂ ಅವರು ಹೀಗೆ ನಿಂತಿರಲಿಕ್ಕಿಲ್ಲ.

"ಬೆಲ್ಲಕ್ಕ ಬೇವು ಹಾಕಿದಂಗೈತಿ" ಎಂದರು ಅತ್ತೆ. ಇನ್ನೊಂದು ಗುಟುಕು. "ಇದನ್ನ ದಿನಾ ರುಚಿ ನೋಡ್ತಿದ್ರೇನು?"

"ದಿನಕ್ಕ ಆರು ಸಲ."

"ಒಬ್ರ?"

"ಒಬ್ಬನ."

"ಬಿಸೀದನ್ನ?"

"ಬಿಸೀದನ್ನ. ನಾಲಿಗಿ ಸುಡ್ತಿತ್ತು."

ಅತ್ತೆ ಯೀಸ್ಟಿನ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು, "ಇದರಲೆ ಬ್ರೆಡ್ ಮಾಡ್ತಾರಂತಲ್ಲ, ಮಾಡು" ಎಂದರು. ಮರುದಿನ ಮಾಡಿದೆ. ಗೋಡೆ ಕಟ್ಟಲು ಬರುವಂತಿತ್ತು. ಅದನ್ನು ಯಾರೂ ತಿನ್ನಲಿಲ್ಲ. ಬಿಯರು ಆಗಲೇ ಇಲ್ಲ, ಮಾವ ಮತ್ತೆ ಅದರ ಸುದ್ದಿ ತೆಗೆಯಲೂ ಇಲ್ಲ. ನಾನು ಮಾತ್ರ ಆಗಾಗ ಯೋಚಿಸುತ್ತೇನೆ: ಅತ್ತೆ ಮರುದಿನವೇ ಬಂದಿದ್ದರೆ ನಾನು ಆ ಪೊಟ್ಟಣ ಒಡೆಯುತ್ತಿದ್ದೆನೋ ಏನೋ. ಒಡೆಯುತ್ತಿದ್ದೆ ಎಂದೇ ತೋರುತ್ತದೆ. ನನ್ನ ಒಳ್ಳೆಯತನದ ಕೀರ್ತಿಯೆಲ್ಲ ಆ ಗಾಡಿಯವನಿಗೆ ಸೇರಬೇಕು.

ಅವತ್ತಿನ ಸಂಜೆಗೆ ಬರುತ್ತೇನೆ. ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ನಾನು ಒಳಗೆ ಚರಟ ಬಾಚುತ್ತಿದ್ದೆ. ಕಬ್ಬಿನ ಗದ್ದೆಯ ಮೇಲಿಂದ ತಣ್ಣನೆ ಗಾಳಿ ಬರುತ್ತಿತ್ತು. ಅತ್ತೆ ಕೇಳುತ್ತಿದ್ದರು: ಆ ಹಂಡೆ ಎಷ್ಟು ಎತ್ತರ, ಹತ್ತಿ ಹೋಗಲು ಮೆಟ್ಟಿಲಿತ್ತೇ ಏಣಿಯೇ, ಮಧ್ಯಾಹ್ನ ಬುತ್ತಿ ಎಲ್ಲಿ ಬಿಚ್ಚುತ್ತಿದ್ದಿರಿ, ಜೊತೆಗೆ ಯಾರು ಕೂರುತ್ತಿದ್ದರು, ಜ್ವರ ಬಂದಾಗ ಯಾರು ನೋಡಿಕೊಂಡರು. ಮಾವ ಮೊದಮೊದಲು ಒಂದೊಂದು ಮಾತಿನ ಉತ್ತರ ಕೊಟ್ಟರು. ಆಮೇಲೆ ದನಿ ಬಿಚ್ಚಿಕೊಂಡಿತು. ಊರಿನ ಸ್ಟ್ಯಾಂಡಿನಲ್ಲಿ ಮೊದಲ ಸಲ ಬಸ್ಸು ಹತ್ತಿದ್ದು, ಗೇಟಿನ ಕಾವಲುಗಾರ ಹೆಸರು ತಪ್ಪಾಗಿ ಬರೆದುಕೊಂಡದ್ದು, ಅದೇ ಹೆಸರಿನಲ್ಲಿ ಆರು ತಿಂಗಳು ಕರೆಸಿಕೊಂಡದ್ದು. ಅತ್ತೆ ನಕ್ಕ ಸದ್ದು ಕೇಳಿಸಿತು.

ಸ್ವಲ್ಪ ಹೊತ್ತಿಗೆ ಅತ್ತೆ ಒಳಗೆ ಬಂದು ಕಷಾಯ ಕುಡಿದ ಎರಡು ಖಾಲಿ ಬಟ್ಟಲು ನನ್ನ ಮುಂದಿಟ್ಟರು.

"ಇಬ್ರಿಗೂ ಇನ್ನೊಂದೀಟು ಬೆಚ್ಚಗ ಮಾಡಿ ಕೊಡವಾ. ಅವರು ಇನ್ನೂ ಮೊದಲನೇ ದಿನದ ಗೇಟೂ ದಾಟಿಲ್ಲ."